ಅರ್ಧ ಗಂಟೆಯ ದಾರಿ

"ಹತ್ತಿ ಕೂತಿದೀನಿ ಕಣೇ. ಬಾಗಿಲು ಹಾಕ್ತಿದಾರೆ, ಫೋನ್ ಆರಿಸಿ ಅಂತ ಬಡ್ಕೋತಿದಾರೆ, ಇಡ್ತೀನಿ" ಎಂದು ತಂಗಿಗೆ ಹೇಳಿ ರೆಮಿಹಿಯೊ ಫೋನನ್ನು ನಿಜವಾಗಿಯೂ ಆರಿಸಿಬಿಟ್ಟ. ಆರಿಸಿದ ಮೇಲೆ ನೋಡಿದರೆ ತಾನು ಕೂತಿರುವುದು ಕೊಚಬಂಬದ ವಿಮಾನ ನಿಲ್ದಾಣದ ಕಬ್ಬಿಣದ ಕುರ್ಚಿಯಲ್ಲಿ. ತೊಡೆಯ ಮೇಲೆ ಇಸ್ತ್ರಿ ಮಾಡಿದ ಕೋಟು, ಎದುರಿಗೆ ಗಾಜು, ಗಾಜಿನಾಚೆ ಹೊಗೆ. ಕೆಳಗಿನ ಕಾಡಂಚಿನಲ್ಲಿ ಬಿತ್ತನೆಗೆ ಮುಂಚೆ ಬೆಂಕಿ ಹಚ್ಚುವ ತಿಂಗಳು ಇದು. ಆ ಹೊಗೆಯೆಲ್ಲ ಬೆಟ್ಟ ಹತ್ತಿ ಬಂದು ಈ ಬೋಗುಣಿಯಂಥ ಊರಿನಲ್ಲಿ ಕೂತುಬಿಟ್ಟರೆ ರನ್‌ವೇ ಇದ್ದರೂ ಇಲ್ಲದ ಹಾಗೆ. ವಿಮಾನ ಸಾಂತಾ ಕ್ರೂಸ್‌ನಿಂದ ಇನ್ನೂ ಬಂದೇ ಇರಲಿಲ್ಲ. ಬರುತ್ತದೋ ಇಲ್ಲವೋ ಹೇಳುವವರೂ ಇರಲಿಲ್ಲ. ಹೀಗಿರುವಾಗ ಯಾಕೆ ಹಾಗಂದೆ ಎಂದು ತನ್ನನ್ನೇ ಕೇಳಿಕೊಂಡ. ಯಾಕೂ ಇಲ್ಲ, ಬಾಯಿಗೆ ಬಂತು, ಅಂದ. ಈ ದೇಶದಲ್ಲಿ ಯಾರು ಅನ್ನುವುದಿಲ್ಲ? ಮೈಗೆ ಸೋಪು ಹಚ್ಚಿಕೊಂಡು ನಿಂತವನೂ 'ಬಂದೆ, ಬಂದೇಬಿಟ್ಟೆ, ನಿಮ್ಮ ಬೀದಿ ತಿರುವಿನಲ್ಲೇ ಇದೀನಿ' ಅನ್ನುತ್ತಾನೆ; ಕೇಳಿಸಿಕೊಂಡವನು, ಹಾಗಾದರೆ ಇನ್ನೂ ಒಂದು ಗಂಟೆ ಇದೆ ಎಂದುಕೊಂಡು ತಾನೂ ಸ್ನಾನಕ್ಕೆ ಹೋಗುತ್ತಾನೆ. ಯಾರಿಗೂ ಅದು ಸುಳ್ಳು ಅನ್ನಿಸುವುದಿಲ್ಲ. ಬರುವ ಮನಸ್ಸಿದೆಯಲ್ಲ, ಅಷ್ಟು ಸಾಕು. ಹೀಗೆ ಸಮಾಧಾನ ಮಾಡಿಕೊಂಡು ಕೋಟಿನ ಅಂಚಿಗೆ ಹತ್ತಿದ್ದ ಪ್ಲಾಸ್ಟರಿನ ಪುಡಿಯನ್ನು ಉಗುರಿನಿಂದ ಕೆರೆದ. ಹಲ್ಲಿನ ಸೆಟ್ಟು ಮಾಡುವವನ ಮನೆಯಲ್ಲಿ ಆ ಬಿಳಿ ಪುಡಿ ಹತ್ತದ ಬಟ್ಟೆಯೇ ಇರುವುದಿಲ್ಲ.

"ಹತ್ತಿ ಕೂತಿದೀರಾ?" ಎಂದಳು ಪಕ್ಕದ ಕುರ್ಚಿಯ ಹೆಂಗಸು. ವಯಸ್ಸಾದವಳು, ಎರಡು ಜಡೆ, ಮಡಿಲಲ್ಲಿ ಬಟ್ಟೆ ಸುತ್ತಿದ ಪಾತ್ರೆ. ಮೇಲೂರಿನ ಮಗಳಿಗೆ ಬೇಯಿಸಿಕೊಂಡು ಹೊರಟಿದ್ದಳು ಅಂತ ಕಾಣುತ್ತದೆ. "ನಾನೂ ನಿಮ್ ಪಕ್ಕದ್ ಸೀಟೇ ಹಾಗಾದ್ರೆ. ಚೆನ್ನಾಗ್ ಹಾರ್ತಿದೆ ಅಲ್ವಾ? ಒಂಚೂರೂ ಕುಲುಕಾಡ್ತಿಲ್ಲ."

ರೆಮಿಹಿಯೊ ಪೆಚ್ಚಾಗಿ ನಕ್ಕ. "ಏನ್ ಮಾಡೋದಮ್ಮಾ, ಅಲ್ಲಿ ಕಾಯ್ತಿದಾರೆ."

"ಕಾಯ್ಲಿ ಬಿಡಪ್ಪಾ, ಕಾಯೋದಕ್ಕೇನು. ಆದ್ರೆ ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಬಸ್ಸಾಗಿದ್ರೆ ಹತ್ತಿದೆ ಅಂದ್ಬಿಟ್ಟು ರಾತ್ರಿಯೆಲ್ಲ ಮನೇಲೇ ಗೊರಕೆ ಹೊಡೀಬೋದಿತ್ತು. ಟೈರ್ ಪಂಚರ್ ಆಯ್ತು ಅನ್ಬೋದು, ರಸ್ತೆಗೆ ಕಲ್ಲಿಟ್ಟಿದಾರೆ ಅನ್ಬೋದು, ಡ್ರೈವರ್ ಕುಡ್ಕೊಂಡ್ ಬಿದ್ದಿದಾನೆ ಅನ್ಬೋದು. ಇದ್ರಲ್ಲಿ ಏನಂತೀಯಾ? ಅರ್ಧ ಗಂಟೆ! ಅರ್ಧ ಗಂಟೇಲಿ ಯಾವ್ ಸುಳ್ಳು ಬೇಯತ್ತೆ ಹೇಳು?"

ಆಕೆ ತಮಾಷೆಗೆ ಅಂದದ್ದು. ಆದರೆ ಅವನು ಲೆಕ್ಕ ಹಾಕತೊಡಗಿದ. ಹೌದಲ್ಲ. ಕೊಚಬಂಬದಿಂದ ಲಾ ಪಾಸ್‌ಗೆ ಹಕ್ಕಿ ಹಾರಿದ ಹಾಗೆ ಹಾರಿದರೆ ಇನ್ನೂರೈವತ್ತು ಕಿಲೋಮೀಟರೂ ಇಲ್ಲ. ತುನಾರಿ ಬೆಟ್ಟ ದಾಟಿ, ಕೊಟ್ಟ ಕಾಫಿ ಕುಡಿದು ಮುಗಿಸುವುದರೊಳಗೆ ಲಾ ಪಾಸ್ ನೆತ್ತಿಯ ಎಲ್ ಆಲ್ತೊ ಬಯಲಿಗೆ ಗಾಲಿ ತಾಗಿರುತ್ತದೆ. ರಸ್ತೆಯಲ್ಲಾದರೆ ಅದೇ ಒಂದು ಇಡೀ ರಾತ್ರಿ. ಚಿಕ್ಕಂದಿನಲ್ಲಿ ಅಮ್ಮ ಇಬ್ಬರನ್ನೂ ಒಂದೇ ಹೊದಿಕೆಯಲ್ಲಿ ಸುತ್ತಿ ಕಿಟಕಿ ಪಕ್ಕ ಕೂರಿಸಿ ಕರೆದುಕೊಂಡು ಹೋಗುತ್ತಿದ್ದಳು. ತಂಗಿ ಇಲಾರಿಯ, ತಿರುವು ತಿರುವಿಗೂ ವಾಂತಿ ಮಾಡಿ, ಅಣ್ಣಾ ಇನ್ನೆಷ್ಟು ದೂರ ಎಂದು ಕೇಳುವಳು, ಇವನು ಅದೋ ಆ ದೀಪ ಕಾಣ್ತಿದೆಯಲ್ಲ ಅದೇ ಅನ್ನುವನು, ಅದು ಯಾವುದೋ ಗಣಿಯ ದೀಪ. ಅವಳು ನಂಬಿ ನಿದ್ದೆ ಹೋಗುವಳು. ಬಸ್ಸಿನಲ್ಲಿ ಹೇಳಿದ ಮಾತಿಗೆ ಬೆಳಗಾಗುವ ತನಕ ಆಯುಷ್ಯ ಇರುತ್ತಿತ್ತು. ಈಗ ಒಂದು ವಾರದಿಂದ ಯಾರೋ ಯಾವುದೋ ಬೇಡಿಕೆಗೆ ರಸ್ತೆಗೆ ಬಂಡೆ ಉರುಳಿಸಿ ಕೂತಿದ್ದಾರೆ, ಬಸ್ಸಿಲ್ಲ, ಊರಿಗೆ ಊರೇ ಇಲ್ಲಿ ಬಂದು ಬಿದ್ದಿದೆ. ಗೋಡೆಯ ಗಡಿಯಾರ ನೋಡಿದ. ತಾನು ಈಗ ಬೆಟ್ಟದ ಮೇಲಿರಬೇಕಾಗಿತ್ತು.

ಶನಿವಾರವೇ ಬಾ ಎಂದಿದ್ದಳು ಇಲಾರಿಯ. ಅಂಗಲಾಚಿದ್ದಳು ಅಂದರೂ ಸರಿಯೇ. 'ಅರ್ಧ ಗಂಟೆ ದಾರಿಗೆ ಹಿಂದಿನ ದಿನ ಯಾಕೆ ಹೊರಡ್ಬೇಕು ಮಾರಾಯ್ತಿ' ಎಂದು ಇವನೇ ನಕ್ಕಿದ್ದ. ದೂರವಿದ್ದರೆ ಖಂಡಿತ ಹೊರಡುತ್ತಿದ್ದ. ಹತ್ತಿರವಿದ್ದದ್ದೇ ಕೆಡಿಸಿತು. ಅದೂ ಪೂರ್ತಿ ನಿಜವಲ್ಲ. ಅವಳ ಅತ್ತೆ ಸತುರ್ನಿನಾ ಮನೆಯಲ್ಲಿ ಒಂದು ರಾತ್ರಿ ಕಳೆಯುವುದು ಅವನಿಗೆ ಬೇಡವಾಗಿತ್ತು. ಕಳೆದ ಸಲ ಹೋದಾಗ ಆ ಯಮ್ಮ ಬಿಯರ್ ಪೆಟ್ಟಿಗೆಗಳ ಪಕ್ಕ ನಡುಮನೆಯಲ್ಲಿ ಹಾಸಿಗೆ ಹಾಕಿಸಿ, 'ನಮ್ಮಲ್ಲಿ ಚಳಿ, ಕೆಳಗಿನೂರಿನವರಿಗೆ ತಡೆಯಲ್ಲ' ಎಂದು ಮೂರು ಸಲ ಹೇಳಿದ್ದಳು. ಬಾಯಲ್ಲಿದ್ದದ್ದು ಇವನೇ ಮಾಡಿಕೊಟ್ಟ ಹಲ್ಲು. ಅದನ್ನು ಕಟಕಟ ಅನ್ನಿಸಿ, ಮೇಲಿನ ಸಾಲು ಸಡಿಲ ಆಗಿದೆ ಕಣ್ರೀ ಎಂದು ಊಟದ ಪಂಕ್ತಿಯಲ್ಲಿ ಎಲ್ಲರೆದುರು ಬಿಚ್ಚಿ ತೋರಿಸಿದ್ದಳು. ಆ ಹಾಸಿಗೆ ನೆನಪಾಗಿಯೇ ಭಾನುವಾರ ಬೆಳಗಿನ ವಿಮಾನಕ್ಕೆ ಟಿಕೆಟ್ ತೆಗೆಸಿದ. ಥೂ, ಒಂದು ಹಾಸಿಗೆಗೋಸ್ಕರ ಎಂದುಕೊಂಡ.

ಇವತ್ತು ಇಲಾರಿಯಳ ಮಗಳು ವಾರಾಳ ಮೊದಲ ಕೂದಲು ತೆಗೆಯುವ ದಿನ. ನಾಲ್ಕು ವರ್ಷ ಕತ್ತರಿ ತಾಗಿಸದ ತಲೆ. ಅದನ್ನು ಸಣ್ಣ ಸಣ್ಣ ಜಡೆ ಹೆಣೆದು ಒಂದೊಂದಕ್ಕೂ ಒಂದೊಂದು ಬಣ್ಣದ ರಿಬ್ಬನ್ ಕಟ್ಟುತ್ತಾರೆ. ಬಂದವರೆಲ್ಲ ಒಂದೊಂದು ಕತ್ತರಿಸಿ ಮುಯ್ಯಿ ಹಾಕುತ್ತಾರೆ. ಆದರೆ ಮೊದಲನೆಯದನ್ನು ಕತ್ತರಿಸುವವನು ಪದ್ರಿನೊ. ಅಲ್ಲಿಂದಾಚೆಗೆ ಅವನು ಆ ಮಗುವಿಗೆ ಎರಡನೆಯ ಅಪ್ಪ. ಅವನ ಮಾತು ಮೀರಿ ಮಗುವಿನ ವಿಷಯದಲ್ಲಿ ಒಂದು ಹುಲ್ಲುಕಡ್ಡಿ ಅಲ್ಲಾಡುವ ಹಾಗಿಲ್ಲ. ಇಲಾರಿಯಳಿಗೆ ಬೇಕಾಗಿದ್ದದ್ದು ಆ ಮಾತೇ. ಗಂಡ ಸೆನೊನ್ ಸಾವೊ ಪಾವ್ಲೊಗೆ ಹೊಲಿಗೆ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ಸಂಸಾರ ಹೂಡಿ, ಈಗ ಮಗಳನ್ನು ಕಳಿಸಿ ಎಂದು ತಾಯಿಗೆ ಹೇಳಿಕಳಿಸಿದ್ದಾನೆ. ತಾಯಿ ಒಪ್ಪಿದ್ದಾಳೆ. ಅವನ ತಮ್ಮ ಲಿಂಬೆರ್ ಗುರುವಾರ ಅಲ್ಲಿಗೆ ಹೊರಟಿದ್ದಾನೆ. ಕೂದಲು ತೆಗೆಯದ ಮಗುವನ್ನು ಗಡಿ ದಾಟಿಸುವುದು ಆ ಮನೆಯಲ್ಲಿ ಇಲ್ಲ, ಅದಕ್ಕೇ ಈ ಅವಸರ. ಪದ್ರಿನೊ ಲಿಂಬೆರ್ ಆದರೆ ಮಗು ಹೋಯಿತು. ಸೋದರಮಾವ ಆದರೆ, ಬೇಡ ಅನ್ನುವುದಕ್ಕೆ ಒಂದು ಬಾಯಿ ಇರುತ್ತದೆ. ಇಲಾರಿಯ ಎಲ್ಲರ ಮುಂದೆ, ಸಂಪ್ರದಾಯ ಹಿಡಿದು, ನನ್ನಣ್ಣನೇ ಎಂದು ಪಟ್ಟು ಹಾಕಿ ಒಪ್ಪಿಸಿದ್ದಳು. ಅವಳು ಜನ್ಮದಲ್ಲಿ ಪಟ್ಟು ಹಾಕಿದ್ದು ಅದೊಂದೇ ಸಲ.

ಈಗತಾನೆ ಫೋನಿನಲ್ಲಿ ಅವಳು ಪಿಸುಗುಟ್ಟಿದ್ದೂ ಅದೇ. ಮರೆತಿರಲಿಲ್ಲ, ನೆನೆಸಿಕೊಳ್ಳದೆ ಇದ್ದ, ಅಷ್ಟೆ. "ಅಣ್ಣಾ, ಬರಕ್ಕಾಗಲ್ಲ ಅನ್ನೋ ಹಾಗಿದ್ರೆ ಈಗ್ಲೇ ಹೇಳಿಬಿಡು. ಮಗೂಗೆ ಜ್ವರ ಅಂತೀನಿ. ಮುಂದಿನ ಭಾನುವಾರಕ್ಕೆ ಹಾಕ್ತೀನಿ. ಅಷ್ಟೊತ್ತಿಗೆ ಅವ್ನು ಹೊರಟು ಹೋಗಿರ್ತಾನೆ. ಇನ್ನೂ ರಿಬ್ಬನ್ ಕಟ್ಟಿಲ್ಲ. ಕಟ್ಟಿದ್ಮೇಲೆ ಹೊತ್ತು ಮುಳುಗೋದ್ರೊಳಗೆ ತೆಗೀಲೇಬೇಕು, ಗೊತ್ತಲ್ಲ ನಿಂಗೆ." ಹಿಂದೆ ಯಾರದೋ ದನಿ, ಸತುರ್ನಿನಾಳದೇ, 'ಏನಂತೆ, ಬರ್ತಾನಂತೋ ಇಲ್ವಂತೋ ನಿಮ್ಮ ಹಲ್ಲಿನ ಡಾಕ್ಟ್ರು' ಎಂದಿತು. ಆ ದನಿ ಕೇಳಿದ್ದೇ ತಡ, ಇವನ ಬಾಯಿಂದ ಬಂದದ್ದು, ಹತ್ತಿ ಕೂತಿದೀನಿ ಕಣೇ.

ವಿಚಿತ್ರವೆಂದರೆ ಆ ಅರ್ಧ ಗಂಟೆ ಅವನಿಗೆ ಹಾಯೆನಿಸಿತು. ಫೋನ್ ಆರಿದೆ, ಆಕಾಶದಲ್ಲಿದ್ದವನನ್ನು ಯಾರೂ ಏನೂ ಕೇಳುವ ಹಾಗಿಲ್ಲ. ಮುದುಕಿ ಪಾತ್ರೆಯಿಂದ ಬೇಯಿಸಿದ ಜೋಳ, ಚೀಸಿನ ತುಂಡು ಕೊಟ್ಟಳು, ತಿಂದ. ಒಂದು ಮಗು ಓಡಾಡಿಕೊಂಡು ಗಾಜಿಗೆ ಮೂಗೊತ್ತಿ ಹೊಗೆ ನೋಡುತ್ತಿತ್ತು. ಸಂತೋಷವಾಗಿದ್ದೇನೆ ಎಂದು ಗೊತ್ತಾದ ಕೂಡಲೇ ಉಳಿದ ಜೋಳವನ್ನು ಮುದುಕಿಗೆ ವಾಪಸು ಕೊಟ್ಟ. ಎದ್ದು ಕೌಂಟರಿಗೆ ಹೋದ.

"ಎಲ್ ಆಲ್ತೊ ವಿಮಾನ ಯಾವಾಗಮ್ಮಾ?"

"ಹೊಗೆ ಹೋದಾಗ ಸಾರ್."

"ಹೊಗೆ ಯಾವಾಗ ಹೋಗತ್ತೆ?"

ಹುಡುಗಿ ಬೋರ್ಡಿನ ಕಡೆಗೂ ನೋಡದೆ ಉಗುರು ನೋಡಿಕೊಂಡಳು. "ಹಚ್ಚಿದವ್ರನ್ನ ಕೇಳಿ ಸಾರ್."

ಹಿಂದಿನ ಸಾಲಿನವರು ನಕ್ಕರು. ಅವನೂ ನಕ್ಕ. ನಗಬಾರದಿತ್ತು, ಮಗು ಹೋಗಿಬಿಡುತ್ತದೆ ಕಣಮ್ಮಾ ಎಂದು ಆ ಕಲ್ಲಿನ ಕಟ್ಟೆಗೆ ತಲೆ ಚಚ್ಚಿಕೊಳ್ಳಬೇಕಿತ್ತು. ಆದರೆ ಏನೂ ಮಾಡದೆ, ಥ್ಯಾಂಕ್ಸ್ ಹೇಳಿ, ವಾಪಸು ಬಂದು ಕುರ್ಚಿಯಲ್ಲಿ ಕೂತ. ತಾನು ಇಷ್ಟು ವಿನಯವಂತ ಯಾವಾಗ ಆದೆ? ಅಪ್ಪ ಸತ್ತಾಗ ಆಸ್ಪತ್ರೆಯವರು ದೇಹ ಕೊಡಲು ತಡಮಾಡಿದ್ದಕ್ಕೂ ಇವನು ಥ್ಯಾಂಕ್ಸ್ ಹೇಳಿದ್ದ. ಇಲಾರಿಯ ಬೆನ್ನು ತಿರುಗಿಸಿ ನಿಂತಿದ್ದಳು. ಅವಳ ಬೆನ್ನು ಅಲ್ಲಾಡುತ್ತಿತ್ತು. ನಗುತ್ತಿದ್ದಳೋ ಅಳುತ್ತಿದ್ದಳೋ ಅವತ್ತೂ ಗೊತ್ತಾಗಲಿಲ್ಲ.

"ಇಳಿಯೋ ಹೊತ್ತಾಯ್ತು ನೋಡಪ್ಪಾ" ಎಂದಳು ಮುದುಕಿ ಗಡಿಯಾರ ತೋರಿಸಿ. ಈಗ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ನಿಜ ಹೇಳ್ಬಿಡು. ಹೊಗೆ ಅಂತ ಹೇಳು. ನಿಂದೇನ್ ತಪ್ಪಿದೆ ಅದ್ರಲ್ಲಿ?"

ಹೇಳುತ್ತೇನೆ ಎಂದೇ ಫೋನ್ ಹಚ್ಚಿದ. ದೇವರಾಣೆ ಹಾಗೆಂದುಕೊಂಡೇ ಹಚ್ಚಿದ. ಹಚ್ಚಿದ ಕ್ಷಣವೇ ಅದು ಬಡಿದುಕೊಂಡಿತು.

"ಇಳಿದ್ಯಾ ಅಣ್ಣಾ?" ಇಲಾರಿಯಳ ದನಿಯಲ್ಲಿ ಅವನು ಎಷ್ಟೋ ವರ್ಷದಿಂದ ಕೇಳದ ಒಂದು ಗೆಲುವು. ಹಿಂದೆ ಬ್ಯಾಂಡಿನವರು ತುತ್ತೂರಿ ಸರಿಮಾಡಿಕೊಳ್ಳುತ್ತಿದ್ದರು. "ರಿಬ್ಬನ್ ಎಲ್ಲ ಕಟ್ಟಿ ಆಯ್ತು. ಹಂಗೇ ರಾಣಿ ಥರ ಕೂತಿದಾಳೆ. ಆಕಾಶ ನೋಡು ಹೆಂಗಿದೆ, ಒಂದ್ ಮೋಡ ಇಲ್ಲ. ನಮ್ಮತ್ತೆ ಮುಖ ನೋಡ್ಬೇಕಿತ್ತು ನೀನು, ಅಣ್ಣ ಹತ್ತಿದಾನೆ ಅಂದಾಗ! ಎಲ್ಲಿದೀಯಾ?"

ಕಟ್ಟಿ ಆಯಿತು. ಇವನ ಮಾತಿನ ಮೇಲೆ ನಂಬಿಕೆ ಇಟ್ಟು ಕಟ್ಟಿಸಿಬಿಟ್ಟಿದ್ದಾಳೆ. ಅವನಿಗೆ ಕಿವಿಯೊಳಗೆ ಗುಂಯ್ ಎಂದಿತು, ನಿಜವಾಗಿಯೂ ಎತ್ತರಕ್ಕೆ ಏರಿದವನಿಗೆ ಆಗುವ ಹಾಗೆ. "ಇಳಿದೆ" ಎಂದ. "ಟ್ಯಾಕ್ಸಿ ಸಿಗ್ತಿಲ್ಲ."

ಪಕ್ಕದ ಮುದುಕಿ ಕಣ್ಣು ಮುಚ್ಚಿಕೊಂಡಳು.

"ಟ್ಯಾಕ್ಸಿ ಯಾಕೆ ಭಾವಾ!" ಫೋನ್ ಯಾರೋ ಕಿತ್ತುಕೊಂಡರು, ಲಿಂಬೆರ್. ಒಳ್ಳೆಯ ಹುಡುಗ, ಯಾವತ್ತೂ ನಗುಮುಖ. ಅದೇ ಕಷ್ಟ. "ಇಲ್ಲೇ ಹತ್ರ ತಾನೇ, ಬೈಕಲ್ಲಿ ಬಂದು ಎತ್ತಾಕ್ಕೊಂಡ್ ಬರ್ತೀನಿ. ಬಾಗಿಲತ್ರಾನೇ ನಿಂತಿರಿ. ನೀವ್ ಪದ್ರಿನೊ, ನಡ್ಕೊಂಡು ಬರೋದಾ?"

ಬೇಡ ಎಂದ. ಬಂದೆ ಎಂದ ಲಿಂಬೆರ್. ಫೋನ್ ಇಟ್ಟುಬಿಟ್ಟ. ಆಮೇಲಿನ ಹೊತ್ತನ್ನು ರೆಮಿಹಿಯೊ ಕಬ್ಬಿಣದ ಕುರ್ಚಿಯಲ್ಲೇ ಕೂತು ಲಿಂಬೆರ್‌ನ ಜೊತೆ ಬೈಕಿನಲ್ಲಿ ಕಳೆದ. ಅವನು ಓಣಿ ದಾಟಿದ, ಮಾರ್ಕೆಟ್ಟಿನ ಆಲೂಗಡ್ಡೆ ಮೂಟೆಗಳ ನಡುವೆ ನುಸುಳಿದ, ದೊಡ್ಡ ರಸ್ತೆಗೆ ಬಿದ್ದ, ಚಳಿಗಾಳಿಗೆ ಕಣ್ಣಲ್ಲಿ ನೀರು. ಎಲ್ಲಾದರೂ ಬಿದ್ದುಬಿಡಲಿ ಎಂದು ಒಂದು ಸಲ ಅನ್ನಿಸಿತು. ಛೆ, ಎಂಥ ಮನುಷ್ಯ ನಾನು, ಅವನಿಗೂ ತಾಯಿ ಇದ್ದಾಳೆ ಎಂದು ತಕ್ಷಣ ಶಿಲುಬೆ ಗುರುತು ಮಾಡಿಕೊಂಡ. ಬೀಳದಿದ್ದರೂ ಪರವಾಗಿಲ್ಲ, ಪೊಲೀಸರು ಹಿಡಿಯಲಿ. ಪೆಟ್ರೋಲ್ ಮುಗಿಯಲಿ. ಹಾಗೇನೂ ಆಗಲಿಲ್ಲ. ಗಾಜಿನಾಚೆ ಹೊಗೆ ಒಂದು ಮೊಳ ಮೇಲೆದ್ದ ಹಾಗೆ ಕಂಡಿತು, ಮತ್ತೆ ಕೂತಿತು.

"ಭಾವಾ," ಫೋನ್ ಮತ್ತೆ ಬಡಿದುಕೊಂಡಾಗ ಲಿಂಬೆರ್ ಮೆತ್ತಗೆ ಮಾತಾಡಿದ. ಆಚೆ ಸೂಟ್‌ಕೇಸುಗಳ ಗಾಲಿ ಉರುಳುವ ಸದ್ದು. "ನಾನು ಇಲ್ಲಿ ಹೊರಗ್ ಬರೋ ಬಾಗಿಲಲ್ಲಿದೀನಿ. ನಿಮ್ಮ ವಿಮಾನ ಹೊರಟೇ ಇಲ್ಲ ಅಂತ ಬರ್ದಿದಾರೆ."

ರೆಮಿಹಿಯೊ ಕೋಟಿನ ಅಂಚನ್ನು ಉಗುರಿನಿಂದ ಕೆರೆದ.

"ಅಯ್ಯೋ, ಬೈಯಲ್ಲ ಭಾವಾ, ಎಲ್ರೂ ಹೇಳೋದೇ ಬಿಡಿ. ನಾನೂ ಹೇಳಲ್ವಾ? ಆದ್ರೆ ಮನೇಲಿ ಏನಂತ ಹೇಳ್ಲಿ? ನಮ್ಮಮ್ಮ ಕೇಳ್ತಾಳೆ."

"ಹೊಗೆ... ಇನ್ನೇನು ಬಿಡತ್ತೆ. ಸ್ವಲ್ಪ ಕಾಯಕ್ಕೆ ಹೇಳು. ಸಂಜೆ ಒಳಗೆ ಬಂದೇ ಬರ್ತೀನಿ. ನಿಜವಾಗ್ಲೂ. ಲಿಂಬೆರ್, ನಿನ್ ಕಾಲಿಗ್ ಬೀಳ್ತೀನಪ್ಪಾ."

"ಹೇಳ್ತೀನಿ ಭಾವಾ. ಹೇಳೋದ್ ಹೇಳ್ತೀನಿ" ಎಂದ ಅವನು. ಅವನು ಹೇಳಿದ್ದಾನು ಕೂಡ. ಆದರೆ ಹತ್ತಿದೆ ಎಂದವನು ಹತ್ತಿರಲಿಲ್ಲ, ಇಳಿದೆ ಎಂದವನು ಇಳಿದಿರಲಿಲ್ಲ. ಸಂಜೆಗೆ ಬರುತ್ತೇನೆ ಅನ್ನುವ ನಿಜವನ್ನು ಈಗ ಯಾವ ಮುಖ ಇಟ್ಟುಕೊಂಡು ಯಾರು ನಂಬುತ್ತಾರೆ. ಎರಡು ಗಂಟೆಯ ಹೊತ್ತಿಗೆ ಇಲಾರಿಯ ಫೋನ್ ಮಾಡಿದಳು. ಬ್ಯಾಂಡು ಜೋರಾಗಿ ಬಾರಿಸುತ್ತಿತ್ತು, ಅವಳು ಎಲ್ಲೋ ಬಚ್ಚಲಿನಲ್ಲಿ ನಿಂತು ಮಾತಾಡುತ್ತಿದ್ದ ಹಾಗಿತ್ತು.

"ಲಿಂಬೆರ್ ಕತ್ತರಿಸ್ದ."

"ಇಲಾ..."

"ಹೊತ್ತು ಮುಳುಗಿದ್ರೆ ಮಗೂಗ್ ಆಗಲ್ಲ ಅಂದ್ರು. ನಾನೇನ್ ಹೇಳ್ಲಿ? ನಮ್ಮಣ್ಣ ಇಳಿದಿದಾನೆ, ಟ್ಯಾಕ್ಸಿ ಸಿಗ್ತಿಲ್ಲ ಅಂತ ಮನೆ ತುಂಬ ಸಾರ್ಕೊಂಡ್ ಬಂದಿದ್ನಲ್ಲೋ ನಾನು. ಬೆಳಗ್ಗೆ ಕೇಳಿದ್ನಲ್ಲೋ ನಿನ್ನ. ಒಂದು ಮಾತು. ಹೊಗೆ ಇದೆ ಕಣೇ ಅಂದಿದ್ರೆ ಮುಗೀತಿತ್ತು." ಅವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. "ನೀನು ಬರ್ಬೇಡ. ಈಗ ಏನಂತ ಬರ್ತೀಯಾ?"

ಬಯ್ಯಲೂ ಇಲ್ಲ. ಅವನು ಫೋನನ್ನು ಕಿವಿಗೆ ಹಿಡಿದುಕೊಂಡೇ ಇದ್ದ. ಅದು ಯಾವಾಗಲೋ ನಿಂತಿತ್ತು. ಆಮೇಲೆ ಗಾಳಿ ತಿರುಗಿತು, ಹೊಗೆ ಹರಿಯಿತು, ವಿಮಾನ ಬಂತು. ಇದೆಲ್ಲ ಇಷ್ಟು ಸುಲಭದಲ್ಲಿ ಆಯಿತಲ್ಲ ಎಂದು ಅವನಿಗೆ ಯಾರ ಮೇಲೋ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಮನೆಗೆ ಹೋಗಬಹುದಾಗಿತ್ತು. ಎಲ್ಲರೂ ಸಾಲು ನಿಂತರು, ಅವನೂ ನಿಂತ. ಮುದುಕಿಯ ಪಾತ್ರೆ ಹಿಡಿದುಕೊಂಡ. ಹಾರುವಾಗ ಯಾರೂ ಫೋನ್ ಮಾಡಲಿಲ್ಲ, ಆರಿಸುವ ಅಗತ್ಯವೇ ಇರಲಿಲ್ಲ. ಕಾಫಿ ಕೊಟ್ಟರು. ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳೋಣ ಎಂದು ಕಣ್ಣು ಮುಚ್ಚಿದ. ಸತುರ್ನಿನಾ ಅಮ್ಮನವರೇ, ಕತ್ತರಿಸಿದವರು ಯಾರಾದರೂ ಆಗಲಿ, ನಾನು ತಾಯಿಯ ಅಣ್ಣ, ನನ್ನ ಒಪ್ಪಿಗೆ ಇಲ್ಲದೆ ಮಗು ಎಲ್ಲಿಗೂ ಹೋಗುವ ಹಾಗಿಲ್ಲ. ಚೆನ್ನಾಗಿದೆ. ಇನ್ನೊಂದು ಸಲ ಹೇಳಿಕೊಂಡ. ಅಮ್ಮನವರೇ ಬೇಡ, ಎಲ್ಲರೂ ಕರೆಯುವ ಹಾಗೆ ಬರಿ ದೋನ್ಯಾ ಸತುರ್ನಿನಾ ಸಾಕು. ನಾನು ತಾಯಿಯ ಅಣ್ಣ ಎಂಬಲ್ಲಿಗೆ ಬರುವಾಗ ವಿಮಾನ ಮೂಗು ಕೆಳಗೆ ಮಾಡಿತು, ಮುಗಿದೇ ಹೋಯಿತು. ಒಂದು ವಾಕ್ಯವನ್ನು ಧೈರ್ಯವಾಗಿ ಹೇಳಿಕೊಳ್ಳುವಷ್ಟೂ ದೂರ ಇರಲಿಲ್ಲ ಆ ಊರು.

ಅಂಗಳದಲ್ಲಿ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಬಾಗಿಲಲ್ಲೇ ಸತುರ್ನಿನಾ ಎದುರಾದಳು. ಅವನು ಬಾಯಿ ತೆರೆಯುವ ಮೊದಲೇ ಒಂದು ಹಿಡಿ ಬಣ್ಣದ ಕಾಗದದ ಚೂರು ಅವನ ತಲೆಯ ಮೇಲೆ ಸುರಿದು ತಬ್ಬಿಕೊಂಡಳು. "ಬನ್ನಿ ಬನ್ನಿ! ವಿಮಾನದಲ್ಲಿ ಬಂದವರು ಬಂದ್ರು, ಜಾಗ ಬಿಡ್ರೋ!" ಎಂದಳು. ಅಂಗಳಕ್ಕೆ ಅಂಗಳವೇ ನಕ್ಕಿತು, ಕೆಟ್ಟ ನಗುವೇನಲ್ಲ, ಕುಡಿದವರ ನಗು. ಯಾರೋ ಕೈಗೆ ಬಿಯರ್ ಕೊಟ್ಟರು, ಭೂಮಿಗೆ ಎರಡು ಹನಿ ಚೆಲ್ಲಿ ಕುಡಿದ. ನಾಲ್ಕು ಸಾವಿರ ಮೀಟರ್ ಎತ್ತರಕ್ಕೆ ಎದೆ ಏದುತ್ತಿತ್ತು. ಹೇಳಬೇಕೆಂದಿದ್ದ ಮಾತಿಗೆ ಉಸಿರು ಸಾಲಲಿಲ್ಲ. ಇಲಾರಿಯ ತಟ್ಟೆಗಳ ರಾಶಿ ಹೊತ್ತು ಅಡಿಗೆಮನೆಗೆ ಹೋಗುತ್ತಿದ್ದಳು. ನೋಡಿದಳು. ಹೋದಳು.

ನಡುವೆ ಪಟ್ಟೆ ಹೊದಿಕೆಯ ಮೇಲೆ ವಾರಾ ಕೂತಿದ್ದಳು. ತಲೆಯೆಲ್ಲ ಅಡ್ಡಾದಿಡ್ಡಿ ಬೋಳು, ಇಲಿ ತಿಂದ ಹಾಗೆ. ಎಡಗಿವಿಯ ಹಿಂದೆ ಹಸಿರು ರಿಬ್ಬನ್ನಿನ ಒಂದೇ ಒಂದು ಜಡೆ.

"ಎಲ್ರೂ ತೆಗೀರಿ ತೆಗೀರಿ ಅಂದ್ರು. ನಾನು ಬಿಡ್ಲಿಲ್ಲ" ಎಂದಳು ಸತುರ್ನಿನಾ, ಎಲ್ಲರಿಗೂ ಕೇಳುವ ಹಾಗೆ. "ತಾಯಿ ಕಡೆಯವ್ರಿಗೆ ಅಂತ ಒಂದು ಉಳ್ಸಿದೀನಿ. ಹೊತ್ತು ಇನ್ನೂ ಇದೆ, ತೆಗೀರಿ." ಹೂವಿನ ಎಸಳು ಹರಡಿದ ತಟ್ಟೆಯಿಂದ ಕತ್ತರಿ ಎತ್ತಿ ಅವನ ಕೈಯಲ್ಲಿಟ್ಟಳು. ಅವನಿಗೆ ಅರ್ಥವಾಯಿತು. ಆ ಒಂದನ್ನು ಕತ್ತರಿಸಿದರೆ ಮೊದಲನೆಯದನ್ನೂ ಒಪ್ಪಿಕೊಂಡ ಹಾಗೆ. ಲಿಂಬೆರ್ ಪದ್ರಿನೊ, ತಾನು ಬಂದುಹೋದ ನೆಂಟ. ಕತ್ತರಿಸದಿದ್ದರೆ ಜಡೆ ಉಳಿಯುತ್ತದೆ, ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಗುರುವಾರದ ಪ್ರಯಾಣಕ್ಕೆ ಒಂದು ಅಡ್ಡಗಾಲಾದರೂ ಬೀಳುತ್ತದೆ. ಕೆಳಗಿಡು ಎಂದು ಅವನು ತನ್ನ ಕೈಗೆ ಹೇಳಿದ. ಈಗಲಾದರೂ ಕೆಳಗಿಡು ಮಾರಾಯ. ಬ್ಯಾಂಡಿನವರು ತುತ್ತೂರಿ ಬಾಯಿಗಿಟ್ಟುಕೊಂಡು ಕಾಯುತ್ತಿದ್ದರು. ಲಿಂಬೆರ್ ನಗುತ್ತ, ಕೂರಿ ಭಾವಾ ಎಂದು ಕುರ್ಚಿ ಎಳೆದ.

"ಮಾವಾ," ವಾರಾ ತಲೆ ಎತ್ತಿದಳು. "ನನ್ನನ್ನ ಚಿಕ್ಕಪ್ಪ ಬಸ್ಸಲ್ಲಿ ಕರ್ಕೊಂಡ್ ಹೋಗ್ತಾನಂತೆ. ಅಮ್ಮ ಆಮೇಲೆ ವಿಮಾನದಲ್ಲಿ ಬರ್ತಾಳಂತೆ, ಅಜ್ಜಿ ಹೇಳಿದ್ಲು. ನೀನು ವಿಮಾನದಲ್ಲೇ ಬಂದಿದೀಯಲ್ಲ. ಸಾವೊ ಪಾವ್ಲೊಗೆ ಎಷ್ಟ್ ಹೊತ್ತು?"

ಅಡಿಗೆಮನೆಯಲ್ಲಿ ತಟ್ಟೆಗಳ ಸದ್ದು ನಿಂತಿತು. ರೆಮಿಹಿಯೊ ಮಗುವಿನ ಮುಖ ನೋಡಿದ, ಸತುರ್ನಿನಾಳ ಮುಖ ನೋಡಿದ.

"ಏನೂ ಇಲ್ಲ ಕಂದಾ," ಎಂದ. "ಹತ್ರಾನೇ. ಹತ್ತಿ ಕೂತ್ರೆ ಬಂದೇಬಿಡ್ತು."

ಮಗು ನಂಬಿತು. ನಂಬಿ, ಅವನಿಗೆ ಅನುಕೂಲವಾಗಲೆಂದು ಕುತ್ತಿಗೆಯನ್ನು ಬಲಕ್ಕೆ ವಾಲಿಸಿ, ಉಸಿರು ಬಿಗಿಹಿಡಿದು ಅಲ್ಲಾಡದೆ ಕೂತಿತು. ಕತ್ತರಿಸುವುದೇನೂ ಕಷ್ಟವಾಗಲಿಲ್ಲ. ಸತುರ್ನಿನಾ ಆ ಜಡೆಯನ್ನು ಮಿಕ್ಕವುಗಳ ಜೊತೆ ತಟ್ಟೆಯಲ್ಲಿಟ್ಟು ಮೇಲೆತ್ತಿ, "ಎಲ್ರೂ ನೋಡಿದ್ರಲ್ಲ, ತಾಯಿ ಕಡೆಯವ್ರೂ ಸಂತೋಷವಾಗಿ ಒಪ್ಪಿದಾರೆ" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ರೆಮಿಹಿಯೊ ಕತ್ತರಿಯನ್ನು ಜೇಬಿಗಿಟ್ಟು ತಾನೂ ತಟ್ಟಿದ.